ಹೋಳೂರಿನ ಈಜುಕೊಳವೂ ಅಜ್ಜಿಯ ಹಲಸಿನ ಮರವೂ

ಸಾವಿರದಿನ್ನೂರು ಅಡಿ ಕೊರೆದರೂ ನೀರು ಸಿಗುತ್ತೋ ಇಲ್ಲವೋ ಅನ್ನೋ ಕೋಲಾರ ಸೀಮೆಯಲ್ಲಿ ಈಜುಕೊಳವಾ? ನಗಬೇಡಿ, ನಾನೂ ಮೊದಲು ನಕ್ಕವನೇ. ಹೋಳೂರಿನ ಹತ್ತಿರ ನಮ್ಮ ಚಿಕ್ಕಪ್ಪನ ಮಗ, ನನಗಿಂತ ನಾಲ್ಕು ವರ್ಷ ದೊಡ್ಡವನು, ತೋಟದಲ್ಲಿ ನಾಲ್ಕು ರೂಮು ಕಟ್ಟಿಸಿದ. ಶನಿವಾರ ಭಾನುವಾರ ಬೆಂಗಳೂರಿನಿಂದ ಬರುವವರಿಗೆ ಅಂತ ಒಂದು ಸಣ್ಣ ಕೊಳವನ್ನೂ ಮಾಡಿಸಿದ. ನೀರಿನ ಜಗಳವನ್ನ ನಾವಿಬ್ಬರೂ ಯಾವಾಗಲೋ ಆಡಿ ಮುಗಿಸಿದ್ದೇವೆ, ಅದು ಇಲ್ಲಿ ಬೇಡ. ಇವತ್ತಿನ ಜಗಳ ಕೊಳದ ಸುತ್ತ ಹಾಸಿದ ಮರದ ಹಲಗೆಯದ್ದು. ಅದಕ್ಕೆ ಡೆಕ್ ಅಂತಾರಂತೆ.

ಅಣ್ಣನ ಹೊಲದಲ್ಲಿ ಒಂದು ನೀಲಗಿರಿ ತೋಪಿತ್ತು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನ ನಿಷೇಧಿಸಿದ ಮೇಲೆ ಅವನಿಗೂ ಆ ಬೆಳೆ ಸಾಕು ಅನ್ನಿಸಿತು, ಕಡಿಸಿದ. "ಮರ ಮನೇದೇ, ಕೂಲಿ ಮಾತ್ರ ಖರ್ಚು" ಅಂತ ಅದನ್ನೇ ಹಲಗೆ ಕೊಯ್ಸಿ, ಕೊಳದ ಸುತ್ತ ಹಾಸಿ, ಕಬ್ಬಿಣದ ಮೊಳೆ ಹೊಡೆಸಿ, ಮೇಲೆ ವಾರ್ನಿಶ್ ಬಳಿಸಿದ. ಗೃಹಪ್ರವೇಶದ ದಿನ ನೋಡಬೇಕಿತ್ತು, ಮುಖ ಕಾಣೋ ಹಾಗೆ ಹೊಳೀತಿತ್ತು!

ಎರಡು ಮಳೆಗಾಲ ಕಳೀತು. ಹಲಗೆಗಳು ಹಪ್ಪಳದ ಹಾಗೆ ಸುರುಳಿ ಎದ್ದವು. ತುದಿಗಳು ಸೀಳಿದವು. ಮೊಳೆ ಸುತ್ತ ಶಾಯಿ ಚೆಲ್ಲಿದಂತೆ ಕಪ್ಪು ಕಲೆ. ಹೋದ ಯುಗಾದಿಗೆ ನಾವೆಲ್ಲ ಅಲ್ಲಿದ್ದಾಗ ಅಣ್ಣನ ಮಗಳು ಓಡಿ ಬರ್ತಾ ಮೇಲೆದ್ದ ಮೊಳೆಯ ಮೇಲೆ ಕಾಲಿಟ್ಟಳು. ಪಾದಕ್ಕೆ ನಾಲ್ಕು ಹೊಲಿಗೆ, ಜೊತೆಗೆ ಟೆಟನಸ್ ಇಂಜೆಕ್ಷನ್. ಮಗು ಅತ್ತಿದ್ದಕ್ಕಿಂತ ಅಣ್ಣ ಅತ್ತಿದ್ದು ಜಾಸ್ತಿ.

ತಪ್ಪು ಎಲ್ಲಾಯ್ತು? ನೀಲಗಿರಿ ಮರವೇ ಕೆಟ್ಟದ್ದು ಅಂತ ಬೈಯೋದು ಸುಲಭ. ಆದರೆ ಎಂಟು ಹತ್ತು ವರ್ಷಕ್ಕೆ ಕಡಿದ ಯಾವ ಮರದಲ್ಲೂ ಚೇಗು ಕಡಿಮೆ. ಚೇಗು ಅಂದರೆ ಕಾಂಡದ ಮಧ್ಯದ ಗಾಢ ಬಣ್ಣದ ಗಟ್ಟಿ ಭಾಗ. ಹೊರಗಿನ ಬೆಳ್ಳಗಿನ ಭಾಗದಲ್ಲಿ ಮರ ನೀರು ಸಾಗಿಸುತ್ತೆ, ಆಹಾರ ಕೂಡಿಡುತ್ತೆ. ಹಾಗಾಗಿ ಶಿಲೀಂಧ್ರಕ್ಕೂ ಗೆದ್ದಲಿಗೂ ಅದೇ ಹಬ್ಬದೂಟ. ತೇಗವೇ ಆಗಲಿ, ಬಿಳಿ ಭಾಗ ಬಿಳಿ ಭಾಗವೇ. ಇದರ ಮೇಲೆ ನೀಲಗಿರಿಯ ಒಳಗೆ ಬೆಳೆಯುವಾಗಲೇ ಸೇರಿಕೊಂಡ ಬಿಗಿತ ಇರುತ್ತೆ, ಕೊಯ್ದ ತಕ್ಷಣ ಹಲಗೆ ಸೊಟ್ಟಗಾಗೋದು ಅದಕ್ಕೇ. ಹಸಿ ಹಲಗೆ ಹಾಸಿದರಂತೂ ಮುಗೀತು ಕಥೆ.

ಅಣ್ಣ ಈಗ ಹೊಸ ಪರಿಹಾರ ಹುಡುಕಿದ್ದಾನೆ. ಬಾವಿ ಪಕ್ಕ ನಮ್ಮಜ್ಜಿ ನೆಟ್ಟ ಹಲಸಿನ ಮರ ಇದೆಯಲ್ಲ, ಅದನ್ನ ಕಡಿಸ್ತಾನಂತೆ. "ಹಲಸು ಗಟ್ಟಿ ಮರ ಕಣೋ, ವೀಣೆ ಮಾಡ್ತಾರೆ, ಬಾಗಿಲು ಮಾಡ್ತಾರೆ" ಅಂತಾನೆ. ಮಾತು ಸುಳ್ಳಲ್ಲ. ಆದರೆ ವೀಣೆ ಮನೆಯೊಳಗಿರುತ್ತೆ, ಬಾಗಿಲಿಗೆ ಮೇಲೆ ಸೂರಿರುತ್ತೆ. ಕೊಳದ ಅಂಚಿನ ಹಲಗೆ ಬೆಳಗ್ಗೆ ನೆನೆದು, ಮಧ್ಯಾಹ್ನ ನಮ್ಮೂರ ಬಿಸಿಲಿಗೆ ಕಾದು, ಸಂಜೆ ಮತ್ತೆ ನೆನೆಯುತ್ತೆ. ಜೊತೆಗೆ ಕ್ಲೋರಿನ್. ಕಡಿದ ಮರ ಕೊಯ್ದು ನೆರಳಲ್ಲಿ ಸಾಲಾಗಿ ಪೇರಿಸಿ ಒಣಗಿಸೋಕೆ ಎಷ್ಟೋ ತಿಂಗಳು ಬೇಕು, ಅಣ್ಣನಿಗೋ ದಸರಾ ರಜೆಗೆ ಮುಂಚೆ ಮುಗೀಬೇಕು. ಅಂದರೆ ಮತ್ತೆ ಹಸಿ ಹಲಗೆ, ಮತ್ತೆ ಅದೇ ಗೋಳು, ಜೊತೆಗೆ ಅಜ್ಜಿಯ ಮರವೂ ಇಲ್ಲ.

ಹಳೇ ಬಾಗಿಲು ರಿಪೇರಿಗೆ ಬಂದಿದ್ದ ಆಚಾರಿಯೊಬ್ಬರನ್ನ ಕೇಳಿದೆ. "ಯಾವ ಮರ ಅಂತ ಆಮೇಲೆ ಕೇಳಣ್ಣಾ. ನೀರು ನಿಲ್ತದಾ, ಹರಿದು ಹೋಗ್ತದಾ, ಅದು ಹೇಳು ಮೊದಲು" ಅಂದರು. ನನ್ನ ಕಣ್ಣು ತೆರೆಸಿದ ಮಾತು ಅದು. ಮರ ಸಾಯೋದು ನೆನೆದದ್ದಕ್ಕಲ್ಲ, ಒಣಗಲಾರದ್ದಕ್ಕೆ. ತೇವ ಸುಮಾರು ಶೇಕಡಾ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯೋದಿಲ್ಲ.

ಹಾಗಾದರೆ ಯಾವ ಮರ? ನಮ್ಮ ಐಎಸ್ 401 ಮಾನಕದಲ್ಲಿ ಇದಕ್ಕೊಂದು ಲೆಕ್ಕ ಇದೆ. ಚೇಗಿನ ತುಂಡುಗಳನ್ನ ಮಣ್ಣಲ್ಲಿ ಅರ್ಧ ಹೂತು ನೋಡ್ತಾರೆ. ಸರಾಸರಿ 120 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಬಾಳಿದರೆ ಮೊದಲ ದರ್ಜೆ, 60ರಿಂದ 120 ತಿಂಗಳಾದರೆ ಎರಡನೇದು, 60ಕ್ಕಿಂತ ಕಡಿಮೆಯಾದರೆ ಮೂರನೇದು. ತೇಗದ ಚೇಗು ಮೊದಲ ದರ್ಜೆ. ಹೊನ್ನೆಯೂ ಬಾಳಿಕೆಯ ಮರವೇ, ಆದರೆ ಸಕ್ಕರೆ ಕಾಯಿಲೆಯವರು ಹೊನ್ನೆ ಲೋಟದಲ್ಲಿ ನೀರಿಟ್ಟು ಕುಡಿಯೋದು ನೋಡಿದ್ದೀರಲ್ಲ, ಅದೇ ಬಣ್ಣ ಕೊಳದ ನೀರಿಗೂ ಇಳಿಯುತ್ತೆ. ನಮ್ಮ ಶ್ರೀನಿವಾಸಪುರದ ಮಾವು ತಿನ್ನೋಕೆ ಚೆನ್ನ. ಅದರ ಮರ ಬಯಲಿಗೆ ಹಾಕಿದರೆ ಹುಳುವಿನ ಪಾಲು. ತೇಗ ಅಂತ ಕೊಟ್ಟದ್ದು ತೇಗವೇ ಹೌದಾ ಅನ್ನೋ ಅನುಮಾನ ಬಂದರೆ, ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಒಂದು ತುಂಡು ಕೊಟ್ಟು ಪರೀಕ್ಷೆ ಮಾಡಿಸಬಹುದು. ಔಷಧಿ ಹೊಡೆದ ಅಗ್ಗದ ಪೈನ್ ಕೊಳ್ಳೋರು ಯಾವ ಔಷಧಿ ಅಂತ ಕೇಳಲೇಬೇಕು. ತಾಮ್ರ-ಕ್ರೋಮಿಯಂ-ಆರ್ಸೆನಿಕ್ ಹಾಕಿದ ಮರವನ್ನ ಅಮೆರಿಕಾದಲ್ಲಿ 2003ರ ಕೊನೆಗೇ ಮನೆ ಬಳಕೆಯಿಂದ ಕೈಬಿಟ್ಟರು. ಮಕ್ಕಳು ಬರಿಗಾಲಲ್ಲಿ ಓಡಾಡೋ ಜಾಗ ಅದು.

ನನ್ನ ಅಭಿಪ್ರಾಯ ಇಷ್ಟೇ: ಕೊಳದ ಸುತ್ತ ಪೂರ್ತಿ ಮರ ಹಾಸೋದು ನಮ್ಮೂರಿಗೆ ಹೇಳಿಸಿದ್ದಲ್ಲ. ಬೇರೆ ಏನಿಲ್ಲದಿದ್ದರೂ ಕಲ್ಲಿಗೆ ನಮ್ಮಲ್ಲಿ ಬರ ಇಲ್ಲ. ನೀರು ಎರಚುವ ಅಂಚಿಗೆಲ್ಲ ಒರಟು ಮೈಯ ಗ್ರಾನೈಟ್ ಹಾಕಲಿ, ಜಾರೋದಿಲ್ಲ. ಕಲ್ಲು ಏಪ್ರಿಲ್ ಬಿಸಿಲಿಗೆ ಕಾಲು ಸುಡುತ್ತೆ, ಒಪ್ಪಿದೆ. ಅದಕ್ಕೇ ಜನ ಕೂರುವ ಒಂದು ಮೂಲೆಯಲ್ಲಿ ಮಾತ್ರ, ಈಗಿನ ಡೆಕ್ಕಿನ ಮೂರರಲ್ಲೊಂದು ಭಾಗದಷ್ಟು, ಒಣಗಿದ ತೇಗದ ಚೇಗು ಹಾಸಲಿ. ಅದೂ ಎಲ್ಲಿ? ಹಲಸಿನ ಮರದ ನೆರಳಿಗೆ ಹತ್ತಿರ. ನೆರಳಿಗಾಗಿ ಛತ್ರಿ ಕೊಳ್ಳೋಕೆ ಹೊರಟವನು ಇರೋ ಮರ ಕಡಿಯೋದು ಯಾವ ಲೆಕ್ಕ!

ಹಾಸುವಾಗ ಹಲಗೆಗಳ ನಡುವೆ ಐದಾರು ಮಿಲಿಮೀಟರ್ ಸಂದು ಬಿಡಬೇಕು, ಕೆಳಗೆ ಗಾಳಿಯಾಡಬೇಕು, ನೆಲಕ್ಕೆ ಇಳಿಜಾರಿರಬೇಕು. ಮೊಳೆ ಬೇಡ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ಕ್ಲೋರಿನ್ ಇರೋದರಿಂದ 316 ದರ್ಜೆಯದಾದರೆ ಒಳ್ಳೇದು. ಕೊಯ್ದ ತುದಿಗಳಿಗೆ ಮೇಣ ಮೆತ್ತಬೇಕು, ಮರ ನೀರು ಕುಡಿಯೋದು ಹೆಚ್ಚಾಗಿ ಅಲ್ಲಿಂದಲೇ.

ಇನ್ನು ನೋಡಿಕೊಳ್ಳೋದು. ವಾರ್ನಿಶ್ ಬೇಡವೇ ಬೇಡ. ಅದು ಪದರ ಕಟ್ಟುತ್ತೆ, ಬಿಸಿಲಿಗೆ ಬಿರಿಯುತ್ತೆ, ಬಿರುಕಿನಿಂದ ಒಳಗಿಳಿದ ನೀರು ಹೊರಗೆ ಬರೋದಿಲ್ಲ. ಸಂದಿನ ಎಲೆ ಕಸ ವಾರಕ್ಕೊಮ್ಮೆ ತೆಗೀಬೇಕು, ಹಲಸಿನ ಮರದ ಹತ್ತಿರವಂತೂ ತಪ್ಪಿಸುವ ಹಾಗಿಲ್ಲ. ಪಾಚಿ ಕಂಡರೆ ಸೋಪು ನೀರು, ಮೆತ್ತನೆ ಬ್ರಷ್ಷು, ಎಳೆಯ ಉದ್ದಕ್ಕೆ ಉಜ್ಜೋದು. ಕಾರು ತೊಳೆಯೋ ಜೋರು ಪೈಪು ಹಿಡಿದರೆ ಎಳೆ ಕಿತ್ತು ಬರುತ್ತೆ. ಹೊರಾಂಗಣದ ಮರಕ್ಕೆಂದೇ ಮಾಡಿದ ಎಣ್ಣೆಯನ್ನ ಮಳೆಗಾಲಕ್ಕೆ ಮುಂಚೆ, ಮಳೆಗಾಲ ಮುಗಿದ ಮೇಲೆ ತೆಳ್ಳಗೆ ಒರೆಸಬಹುದು. ಅಗಸೆ ಎಣ್ಣೆ ಬಳಸಿದ ಬಟ್ಟೆಯನ್ನ ಮುದುರಿ ಮೂಲೆಗೆ ಎಸೀಬೇಡಿ, ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು. ಬಯಲಲ್ಲಿ ಹರಡಿ ಒಣಗಿಸಿ. ಎಣ್ಣೆ ಹಚ್ಚದೇ ಬಿಟ್ಟರೂ ತೇಗ ಬೂದು ಬಣ್ಣಕ್ಕೆ ತಿರುಗುತ್ತೆ ಅಷ್ಟೆ, ಅದು ರೋಗ ಅಲ್ಲ, ವಯಸ್ಸು. ತಲೆ ನರೆತದ್ದಕ್ಕೆ ಯಾರಾದರೂ ಸತ್ತಿದ್ದಾರಾ? ಎಲ್ಲಕ್ಕಿಂತ ಮುಖ್ಯ, ತಿಂಗಳಿಗೊಮ್ಮೆ ಬರಿಗೈಯಲ್ಲಿ ಸವರಿ ಸ್ಕ್ರೂ ಎದ್ದಿದೆಯಾ, ಸಿಬಿರು ಎದ್ದಿದೆಯಾ ನೋಡಬೇಕು. ಮಗುವಿನ ಪಾದಕ್ಕಿಂತ ಮೊದಲು ನಮ್ಮ ಕೈಗೆ ಗೊತ್ತಾಗಲಿ.

ಇಷ್ಟನ್ನೂ ಫೋನಿನಲ್ಲಿ ಹೇಳಿದೆ. ಅಣ್ಣ ಸುಮ್ಮನೆ ಕೇಳಿಸಿಕೊಂಡು, "ನೀನು ಬೆಂಗಳೂರಲ್ಲಿ ಕೂತು ಹೇಳ್ತೀಯಪ್ಪಾ, ತೇಗದ ರೇಟು ಗೊತ್ತಾ?" ಅಂದ. ಗೊತ್ತು. ಅದಕ್ಕೇ ಮೂರರಲ್ಲೊಂದು ಭಾಗ ಅಂದದ್ದು. ನೀಲಗಿರಿಗೆ ಸುರಿದ ಕೂಲಿ, ಮೊಳೆ, ವಾರ್ನಿಶ್ ದುಡ್ಡು ಲೆಕ್ಕ ಹಾಕು ಅಂದೆ. ಫೋನ್ ಇಟ್ಟುಬಿಟ್ಟ.

ಮರ ಇನ್ನೂ ನಿಂತಿದೆ. ಈ ಸಲವೂ ಬುಡದಲ್ಲೇ ಕಾಯಿ ಬಿಟ್ಟಿದೆಯಂತೆ, ಅತ್ತಿಗೆ ಹೇಳಿದರು. ಮುಂದಿನ ಭಾನುವಾರ ಹೋಳೂರಿಗೆ ಹೊರಟಿದ್ದೇನೆ, ಎದುರಾಎದುರು ಕೂತು ಮಾತಾಡೋಕೆ. ನಿಮ್ಮಲ್ಲಿ ಯಾರಾದರೂ ಹೀಗೆ ಮರ, ನೀರು, ಬಿಸಿಲು ಮೂರನ್ನೂ ಒಟ್ಟಿಗೆ ಕಟ್ಟಿಕೊಂಡು ಒದ್ದಾಡಿದ್ದರೆ ಅಷ್ಟರೊಳಗೆ ಒಂದು ಮಾತು ತಿಳಿಸಿ. ಅಣ್ಣನಿಗೆ ತೋರಿಸ್ತೀನಿ.