ಶುಶ್ರೂಷಕಿಯರ ಬಳಲಿಕೆ: ಬೆಲೆ ತೆರುವವರಾರು?

ಮೂರು ದಶಕಗಳ ಸರ್ಕಾರಿ ಸೇವೆಯಲ್ಲಿ ನಾನು ಸಹಿ ಹಾಕಿದ ಕಡತಗಳ ಪೈಕಿ ಒಂದು ಈಗಲೂ ಕಾಡುತ್ತದೆ. ಜಿಲ್ಲೆಯೊಂದರ ಆಸ್ಪತ್ರೆಯಲ್ಲಿ ಖಾಲಿ ಬಿದ್ದಿದ್ದ ಶುಶ್ರೂಷಕಿಯರ ಹುದ್ದೆಗಳನ್ನು ತುಂಬಬೇಕೆಂಬ ಪ್ರಸ್ತಾವ ಅದು. ‘ಮಿತವ್ಯಯದ ದೃಷ್ಟಿಯಿಂದ ಸದ್ಯಕ್ಕೆ ಮುಂದೂಡಬಹುದು’ ಎಂದು ಷರಾ ಬರೆದೆ. ಅರ್ಥಶಾಸ್ತ್ರ ಓದಿದ್ದ ನನಗೆ ಅದು ಉಳಿತಾಯವೆಂದೇ ತೋರಿತ್ತು.

ಕಳೆದ ವರ್ಷ ನಾನೇ ರೋಗಿಯಾಗಿ ಆಸ್ಪತ್ರೆ ಸೇರಿದ್ದೆ. ಬೆಳಗಿನ ಜಾವ ನನ್ನ ಬೆರಳು ಚುಚ್ಚಿ ಸಕ್ಕರೆಯ ಪ್ರಮಾಣ ನೋಡಿದ ಸಿಸ್ಟರ್, ‘ನಿಮಗಿಂತ ನನಗೇ ಜಾಸ್ತಿ ಇದೆ ಸಾರ್’ ಎಂದು ನಕ್ಕರು. ಆಕೆಗೆ ನಲವತ್ತು ತುಂಬಿರಲಿಲ್ಲ. ಇಡೀ ವಾರ್ಡಿಗೆ ಆ ರಾತ್ರಿ ಅವರೊಬ್ಬರೇ. ಮೇಜಿನ ಮೇಲಿದ್ದ ಊಟದ ಡಬ್ಬಿಯನ್ನು ತೆರೆದೇ ಇರಲಿಲ್ಲ.

ಇದು ಒಬ್ಬರ ದುರದೃಷ್ಟವಲ್ಲ. ಅಮೆರಿಕದಲ್ಲಿ 1976ರಿಂದ ನಡೆದುಬಂದಿರುವ ‘ನರ್ಸಸ್ ಹೆಲ್ತ್ ಸ್ಟಡಿ’ ಎಂಬ ಅಧ್ಯಯನ ಸರಣಿಯ 1.7 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯ ವಿಶ್ಲೇಷಣೆ 2011ರಲ್ಲಿ ಪ್ರಕಟವಾಯಿತು. ಸರದಿಯ ರಾತ್ರಿಪಾಳಿಯಲ್ಲಿ ಕಳೆದ ವರ್ಷಗಳು ಹೆಚ್ಚಿದಷ್ಟೂ ಟೈಪ್ 2 ಮಧುಮೇಹದ ಸಂಭವ ಹೆಚ್ಚುತ್ತದೆಂಬುದು ಅದರ ಸಾರ. ದೇಹತೂಕದ ಏರಿಕೆ ಮುಖ್ಯ ಕಾರಣವಾದರೂ ಅದೊಂದೇ ಕಾರಣವಲ್ಲ. ಸತತ ಒತ್ತಡದಲ್ಲಿ ಕಾರ್ಟಿಸಾಲ್ ಹಾರ್ಮೋನಿನ ಲಯ ತಪ್ಪುತ್ತದೆ. ನಿದ್ದೆಗೆಟ್ಟ ದೇಹದಲ್ಲಿ ಇನ್ಸುಲಿನ್ ಪರಿಣಾಮ ಕುಂದುತ್ತದೆ. ಊಟದ ಜಾಗಕ್ಕೆ ಚಹಾ, ಬಿಸ್ಕತ್ತು ಬರುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇಂಥ ವೃತ್ತಿಬಳಲಿಕೆಯನ್ನು ಕಾಯಿಲೆಯೆಂದು ಕರೆಯಲಿಲ್ಲ. ಸಮರ್ಪಕವಾಗಿ ನಿಭಾಯಿಸದ ಕೆಲಸದ ಒತ್ತಡದ ಫಲವೆಂದು ವಿವರಿಸಿತು. ಹಾಗಿರುವಾಗ, ಶುಶ್ರೂಷಕಿಯರಿಗೆ ಒಂದು ದಿನದ ಯೋಗ ಶಿಬಿರ ಏರ್ಪಡಿಸಿ ಕೈತೊಳೆದುಕೊಳ್ಳುವುದು ಆತ್ಮವಂಚನೆ. ಸರಿಯಾಗಬೇಕಾದದ್ದು ಪಾಳಿಯ ಪಟ್ಟಿ.

ಹಣವೆಲ್ಲಿದೆ ಎಂಬ ಪ್ರಶ್ನೆ ಸಹಜ. ನಾನೂ ಅದನ್ನೇ ಕೇಳುತ್ತಿದ್ದೆ. ಆದರೆ ತುಂಬದ ಹುದ್ದೆಯ ವೆಚ್ಚ ಇಲ್ಲವಾಗುವುದಿಲ್ಲ. ಆಸ್ಪತ್ರೆಯ ಲೆಕ್ಕಪುಸ್ತಕದಿಂದ ಅದು ಶುಶ್ರೂಷಕಿಯ ದೇಹಕ್ಕೆ ವರ್ಗವಾಗುತ್ತದೆ. ಮುಂದೆ ಔಷಧದ ಚೀಟಿಯಾಗಿ, ರಜೆಯಾಗಿ, ರಾಜೀನಾಮೆಯಾಗಿ ಮರಳುತ್ತದೆ. ಖಾಲಿ ಹುದ್ದೆಗಳ ಭರ್ತಿ, ಸತತ ರಾತ್ರಿಪಾಳಿಗಳಿಗೆ ಮಿತಿ, ಊಟಕ್ಕೆ ಕಡ್ಡಾಯ ಬಿಡುವು, ವರ್ಷಕ್ಕೊಮ್ಮೆ ಸಕ್ಕರೆ, ರಕ್ತದೊತ್ತಡ ಹಾಗೂ ಕೊಬ್ಬಿನಂಶದ ತಪಾಸಣೆ: ಇವು ಔದಾರ್ಯವಲ್ಲ, ಸೇವಾ ನಿಯಮಗಳಾಗಬೇಕು.

ನಾನು ಮುಂದೂಡಿದಂಥ ಕಡತ ಇಂದೂ ಯಾರದೋ ಮೇಜಿನ ಮೇಲಿರುತ್ತದೆ. ಷರಾ ಬರೆಯುವ ಮುನ್ನ ಆ ಅಧಿಕಾರಿ ಒಮ್ಮೆಯಾದರೂ ರಾತ್ರಿ ಮೂರು ಗಂಟೆಗೆ ವಾರ್ಡಿಗೆ ಹೋಗಿ ಬರಲಿ. ನಾನು ಹೋಗಿರಲಿಲ್ಲ.