ಲಷೀನ್ ಕಾಲುವೆಯ ತಳದ ಕೆಸರು

ಕಾಲುವೆಯೆಂದೊಡನೆ ನಮ್ಮ ವಾಚಕರಲ್ಲಿ ಹಲವರಿಗೆ ನೆನಪಾಗುವುದು ಗದ್ದೆಗೆ ನೀರು ಹಾಯಿಸುವ ನಾಲೆ. ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿರುವ ಲಷೀನ್ ಕಾಲುವೆಯಾದರೋ ಪೈರಿಗಾಗಿ ತೋಡಿದುದಲ್ಲ, ಹಡಗುಗಳಿಗಾಗಿ ತೋಡಿದುದು. ಇಂದು ಅಲ್ಲಿ ಸರಕಿನ ಹಡಗು ಒಂದೂ ಇಲ್ಲ. ಬೇಸಗೆಯಲ್ಲಿ ವಿಹಾರದ ದೋಣಿಗಳು ತೇಲುತ್ತವೆ. ದಂಡೆಯುದ್ದಕ್ಕೂ ಜನರು ಸೈಕಲ್ ತುಳಿಯುತ್ತಾರೆ. ಈ ಮಾರ್ಪಾಡನ್ನು ಮೆಚ್ಚುವವರಲ್ಲಿ ನಾವೂ ಸೇರಿದ್ದೇವೆ. ಆದರೆ ಅಲ್ಲಿನ ವಿಹಾರಕ್ಕೆ ಒಂದು ಕಟ್ಟುಪಾಡು ಉಂಟು. ಅದರ ಕಾರಣ ನೀರಿನ ತಳದಲ್ಲಿದೆ.

ಸೇಂಟ್ ಲಾರೆನ್ಸ್ ನದಿ ಮಾಂಟ್ರಿಯಲಿನ ಬಳಿ ಬಂಡೆಗಳ ನಡುವೆ ಭೋರ್ಗರೆಯುತ್ತ ಇಳಿಯುತ್ತದೆ. ಸಮುದ್ರದಿಂದ ಬಂದ ಹಡಗು ಅಲ್ಲಿಂದ ಮುಂದೆ ಹೋಗಲಾರದು. ಚೀನಾ ದೇಶಕ್ಕೆ ದಾರಿ ಹುಡುಕುತ್ತ ಹೊರಟ ಲಾ ಸಾಲ್ ಎಂಬ ಫ್ರೆಂಚ್ ಸಾಹಸಿಗನ ಜಹಗೀರು ಅಲ್ಲಿತ್ತು. ಅವನನ್ನು ಹಾಸ್ಯಮಾಡಿ ಜನರು ಆ ಸ್ಥಳವನ್ನೇ ‘ಲಾ ಷೀನ್’, ಅಂದರೆ ಚೀನಾ, ಎಂದು ಕರೆದರಂತೆ! ಈ ರಭಸವನ್ನು ಬಳಸಿಹೋಗುವ ಕಾಲುವೆಯನ್ನು ತೋಡಲು 17ನೆಯ ಶತಮಾನದಲ್ಲಿಯೇ ಪ್ರಯತ್ನ ನಡೆದಿತ್ತಾದರೂ ಕೆಲಸ ಕೈಗೂಡಲಿಲ್ಲ. 1821ರಲ್ಲಿ ಮತ್ತೆ ಅಗೆತ ಆರಂಭವಾಗಿ, 1825ರಲ್ಲಿ ಕಾಲುವೆ ಸಂಚಾರಕ್ಕೆ ತೆರೆಯಿತು.

ಸುಮಾರು 14 ಕಿಲೋಮೀಟರು ಉದ್ದದ ಈ ದಾರಿಯಲ್ಲಿ ಹಡಗು ಸುಮಾರು 14 ಮೀಟರು ಮೇಲೇರಬೇಕು. ಏರಿಸುವ ಉಪಾಯ ಬಹು ಸರಳವಾದುದು. ಎರಡು ತುದಿಗಳಲ್ಲಿಯೂ ಬಾಗಿಲುಗಳುಳ್ಳ ಕಲ್ಲಿನ ಕೋಣೆಯೊಂದನ್ನು ಕಟ್ಟುತ್ತಾರೆ. ಇದಕ್ಕೆ ಲಾಕ್ ಎಂದು ಹೆಸರು. ಹಡಗು ಕೆಳಗಿನ ಬಾಗಿಲಿನಿಂದ ಒಳಗೆ ಬಂದ ಮೇಲೆ ಆ ಬಾಗಿಲನ್ನು ಮುಚ್ಚಿ, ಮೇಲಿನ ನೀರನ್ನು ಒಳಕ್ಕೆ ಬಿಡುತ್ತಾರೆ. ನೀರಿನೊಡನೆ ಹಡಗೂ ಏರುತ್ತದೆ. ಪಂಪು ಬೇಡ, ಯಂತ್ರ ಬೇಡ. ನೀರು ತನ್ನ ಭಾರದಿಂದಲೇ ಕೆಲಸ ಮಾಡುತ್ತದೆ. ಜೋಡಿಬಾಗಿಲುಗಳು ಮೇಲ್ನೀರಿನ ಕಡೆಗೆ ಚೂಪಾಗಿ ಕೂಡಿಕೊಳ್ಳುವುದರಿಂದ ನೀರು ಒತ್ತಿದಷ್ಟೂ ಅವು ಬಿಗಿಯಾಗುತ್ತವೆ. ಅಗಳಿಯಿಲ್ಲದ ಇಂಥ ಬಾಗಿಲನ್ನು ಕಂಡುಹಿಡಿದವರ ಬುದ್ಧಿಯನ್ನು ನಾವು ಎಷ್ಟು ಕೊಂಡಾಡಿದರೂ ಕಡಮೆಯೇ.

1840ರ ದಶಕದಲ್ಲಿ ಕಾಲುವೆಯನ್ನು ಹಿಗ್ಗಿಸಿದರು. ಅಗೆದವರು ಬಹುಮಟ್ಟಿಗೆ ಐರ್ಲೆಂಡಿನಿಂದ ವಲಸೆ ಬಂದ ಬಡವರು; ಕೂಲಿಯನ್ನು ಇಳಿಸಿದಾಗ, 1843ರಲ್ಲಿ, ಅವರು ಮುಷ್ಕರ ಹೂಡಿದರು. ಲಾಕುಗಳ ಬಳಿ ಧುಮುಕುವ ನೀರಿನ ಶಕ್ತಿಯನ್ನು ಗಿರಣಿಗಳಿಗೆ ಗುತ್ತಿಗೆ ಕೊಟ್ಟ ಮೇಲಂತೂ ದಂಡೆಯ ಮೇಲೆ ಹಿಟ್ಟಿನ ಗಿರಣಿ, ಸಕ್ಕರೆ ಕಾರ್ಖಾನೆ, ಕಬ್ಬಿಣದ ಕುಲುಮೆಗಳು ಸಾಲುಗಟ್ಟಿದುವು. ಕೆನಡಾದ ಕೈಗಾರಿಕೆಯ ತೊಟ್ಟಿಲು ಇದೇ ಎಂದರೆ ಅತಿಶಯೋಕ್ತಿಯಾಗದು. ಆ ಕಾರ್ಖಾನೆಗಳ ಕೊಳೆಯೆಲ್ಲ ಕಾಲುವೆಗೇ ಹರಿಯಿತು.

1959ರಲ್ಲಿ ದೊಡ್ಡ ಹಡಗುಗಳಿಗೆ ತಕ್ಕ ಸೇಂಟ್ ಲಾರೆನ್ಸ್ ಜಲಮಾರ್ಗ ತೆರೆಯಿತು. ಹಳೆಯ ಕಾಲುವೆ 1970ರಲ್ಲಿ ಮುಚ್ಚಿತು. ನಗರದ ಕಡೆಯ ಲಾಕುಗಳಿಗೆ ಮಣ್ಣು ತುಂಬಿದ್ದರು. ಅದನ್ನೆಲ್ಲ ತೆಗೆದು, 2002ರಲ್ಲಿ ವಿಹಾರನೌಕೆಗಳಿಗಾಗಿ ಕಾಲುವೆಯನ್ನು ಮತ್ತೆ ತೆರೆದರು.

ತಳದ ಕೆಸರನ್ನು ಮಾತ್ರ ತೆಗೆಯಲಿಲ್ಲ. ಅದರಲ್ಲಿ ಭಾರಲೋಹಗಳೂ ಎಣ್ಣೆ, ಕಲ್ಲಿದ್ದಲುಗಳಿಂದ ಬಂದ ವಿಷಪದಾರ್ಥಗಳೂ ಸೇರಿಕೊಂಡಿವೆ. ಅದನ್ನು ಬಳಿದು ತೆಗೆಯದೆ ಬಿಟ್ಟುದು ಆಲಸ್ಯವೆಂದು ಕೆಲವರು ಎಣಿಸಬಹುದು. ನಮಗೆ ಹಾಗೆ ತೋರುವುದಿಲ್ಲ. ಇಂಥ ವಿಷಗಳು ಬಹುಪಾಲು ಮಣ್ಣಿನ ಸಣ್ಣ ಕಣಗಳಿಗೆ ಅಂಟಿಕೊಂಡಿರುತ್ತವೆ. ಕಣ ತಳದಲ್ಲಿ ಕುಳಿತಿರುವವರೆಗೆ ವಿಷವೂ ಅಲ್ಲಿಯೇ ಕುಳಿತಿರುತ್ತದೆ. ಕೆದಕಿದರೆ ಕಣಗಳು ನೀರಿಗೇರಿ ಮೀನಿನ ಹೊಟ್ಟೆಯನ್ನು ಸೇರಬಲ್ಲುವು. ಮೇಲೆ ತೆಗೆದರೂ ಅದನ್ನು ಹಾಕುವುದೆಲ್ಲಿ? ಒಂದೂರಿನ ಕೊಳೆ ಇನ್ನೊಂದೂರಿನ ಪಾಲಾಗುತ್ತದೆ, ಅಷ್ಟೆ. ಆದುದರಿಂದಲೇ ದೋಣಿಗಳ ವೇಗವನ್ನು ಗಂಟೆಗೆ 10 ಕಿಲೋಮೀಟರಿಗೆ ಮಿತಿಗೊಳಿಸಿದ್ದಾರೆ. ನಿಧಾನವಾಗಿ ಹೋಗುವ ದೋಣಿ ತಳವನ್ನು ಕಲಕುವುದು ಕಡಮೆ.

ನಮ್ಮ ಆಕ್ಷೇಪಣೆ ಬೇರೆ ಕಡೆಗಿದೆ. ಹಳೆಯ ಸಕ್ಕರೆ ಕಾರ್ಖಾನೆ ಇಂದು ಬೆಲೆಬಾಳುವ ವಾಸದ ಮನೆಗಳಾಗಿದೆ. ಕೂಲಿಕಾರರು ಬಾಳಿದ ಕೇರಿಗಳಲ್ಲಿ ಬಾಡಿಗೆ ಏರಿದೆ. ನೀರನ್ನು ಚೆಲುವಾಗಿಸಿದ ಖರ್ಚು ಸಾರ್ವಜನಿಕರದು, ಅದರಿಂದ ಏರಿದ ನೆಲದ ಬೆಲೆ ಖಾಸಗಿಯವರದು. ಹೊಗೆಯನ್ನು ಕುಡಿದ ಮನೆತನದವರಿಗೆ, ಗಾಳಿ ತಿಳಿಯಾದ ಮೇಲೆ ಅಲ್ಲಿ ಇರಲು ಹಣ ಸಾಲದೆ ಹೋಗುವುದು ನ್ಯಾಯವೆಂದು ನಮಗೆ ತೋರದು. ದಂಡೆಯ ಸೈಕಲ್ ದಾರಿಗಾದರೂ ಯಾರೂ ಸುಂಕ ಕೇಳುವುದಿಲ್ಲ. ಬಾಗಿಲಿನಿಂದ ಬಾಗಿಲಿಗೆ ದೋಣಿ ಏರುವುದನ್ನು ಕಟ್ಟೆಯ ಮೇಲೆ ನಿಂತು ನೋಡುವುದಕ್ಕೂ ಕಾಸು ಬೇಡ.