ಸುದ್ದಿಭಾಷೆಯ ಪ್ರಚಾರತಂತ್ರ ಮತ್ತು ಕನ್ನಡದ ಪ್ರತ್ಯಯ

ಪ್ರಚಾರದ ಭಾಷೆಯನ್ನು ಬಿಡಿಸಿ ನೋಡುವ ಪ್ರಯತ್ನ ಗಣಕಯಂತ್ರಕ್ಕಿಂತ ಹಳೆಯದು. 1937ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪನೆಯಾದ ಪ್ರಚಾರ ವಿಶ್ಲೇಷಣಾ ಸಂಸ್ಥೆಯು, ಹೆಸರಿಟ್ಟು ಹಳಿಯುವುದು, ಅನುಕೂಲದ ಸಂಗತಿಗಳನ್ನಷ್ಟೇ ಹೆಕ್ಕಿ ಜೋಡಿಸುವುದು ಮೊದಲಾದ ಏಳು ತಂತ್ರಗಳನ್ನು ಗುರುತಿಸಿತ್ತು. ಈ ಕೆಲಸವನ್ನು ಗಣಕಕ್ಕೆ ಒಪ್ಪಿಸುವ ಆರಂಭದ ಪ್ರಯೋಗಗಳಲ್ಲಿ, ಒಂದು ಪತ್ರಿಕೆಗೆ ಬಿದ್ದ ಮುದ್ರೆಯೇ ಅದರ ಎಲ್ಲ ಬರಹಗಳಿಗೂ ಬೀಳುತ್ತಿತ್ತು. ಹೀಗಾಗಿ ಗಣಕವು ಪ್ರಚಾರದ ಬದಲು ಪತ್ರಿಕೆಯ ಶೈಲಿಯನ್ನೇ ಕಲಿಯುವ ಅಪಾಯವಿತ್ತು. 2019ರಲ್ಲಿ ಜಿಯೋವಾನಿ ದ ಸಾನ್ ಮಾರ್ಟಿನೊ ಮತ್ತು ಸಂಗಡಿಗರು 48 ಸುದ್ದಿಮೂಲಗಳ 451 ಇಂಗ್ಲಿಷ್ ಬರಹಗಳಲ್ಲಿ 18 ತಂತ್ರಗಳನ್ನು ನುಡಿಗಟ್ಟಿನ ಮಟ್ಟದಲ್ಲೇ ಗುರುತಿಸಿ ಈ ದೋಷವನ್ನು ಸರಿಪಡಿಸಲು ಯತ್ನಿಸಿದರು. 2023ರ ಸೆಮ್‌ಎವಲ್ ಸ್ಪರ್ಧೆಯು ಇದನ್ನು ಒಂಬತ್ತು ಭಾಷೆಗಳಿಗೆ ವಿಸ್ತರಿಸಿತು. ಅವುಗಳಲ್ಲಿ ಕನ್ನಡವಾಗಲಿ, ಭಾರತದ ಇತರ ದೇಶಭಾಷೆಗಳಾಗಲಿ ಇರಲಿಲ್ಲ.

ಇಂಗ್ಲಿಷಿನಲ್ಲಿ ಕಲಿತದ್ದನ್ನು ಬಹುಭಾಷಾ ಮಾದರಿಗಳ ಮೂಲಕ ಕನ್ನಡಕ್ಕೆ ಅನ್ವಯಿಸಬಹುದೆಂಬ ವಾದವಿದೆ. ಈ ವಾದವನ್ನು ಪೂರ್ಣವಾಗಿ ಒಪ್ಪಲಾಗದು. ಕನ್ನಡ ಸುದ್ದಿಯ ನಿಲುವು ಹಲವೊಮ್ಮೆ ಪ್ರತ್ಯಯದಲ್ಲಿ ಅಡಗಿರುತ್ತದೆ. 'ಸಚಿವರು ಹೇಳಿದ್ದಾರೆ', 'ಆರೋಪಿ ಹೇಳಿದ್ದಾನೆ' ಎಂಬ ವಾಕ್ಯಗಳಲ್ಲಿ ನ್ಯಾಯಾಲಯಕ್ಕಿಂತ ಮೊದಲೇ ಏಕವಚನವು ತೀರ್ಪು ಕೊಟ್ಟಿರುತ್ತದೆ. 'ನೆರವು ಕೊಟ್ಟರು' ಎಂಬುದು 'ಕೊಟ್ಟರಂತೆ' ಆದೊಡನೆ ಸಂಶಯ ಸುಳಿಯುತ್ತದೆ. ಪದಮೂಲವನ್ನು ಉಳಿಸಿ ಪ್ರತ್ಯಯವನ್ನು ಕತ್ತರಿಸುವ ಸಂಸ್ಕರಣೆಯಲ್ಲಿ ಮೊದಲು ಅಳಿಯುವುದು ಈ ಸುಳಿವುಗಳೇ. ಪ್ರತ್ಯಯವನ್ನು ಉಳಿಸಿಕೊಂಡ ಮಾತ್ರಕ್ಕೂ ಸಮಸ್ಯೆ ತೀರದು. 'ಅಂತೆ' ಎಂಬುದು ಒಂದೆಡೆ ವ್ಯಂಗ್ಯವಾದರೆ ಇನ್ನೊಂದೆಡೆ ವರದಿಗಾರರ ಪ್ರಾಮಾಣಿಕ ಎಚ್ಚರಿಕೆಯಾಗಿರಬಹುದು. ಅದನ್ನು ಸಂದರ್ಭವರಿತ ಓದುಗರೇ ನಿರ್ಧರಿಸಬೇಕು.

ಆದ್ದರಿಂದ ಗಣಕಕ್ಕೆ ಪಾಠವಾಗುವ ಪಠ್ಯವನ್ನು ಗುರುತು ಹಾಕಿ ಸಿದ್ಧಪಡಿಸುವುದು ಕನ್ನಡ ವಿಭಾಗಗಳ ಹೊಣೆಯೂ ಹೌದು. ಭಿನ್ನ ಸಾಮಾಜಿಕ ಹಿನ್ನೆಲೆಯ ಮೂವರು ಒಂದೇ ವರದಿಯನ್ನು ಪ್ರತ್ಯೇಕವಾಗಿ ಓದಿ ಗುರುತು ಹಾಕಬೇಕು. ಭಿನ್ನಾಭಿಪ್ರಾಯವನ್ನು ಬಹುಮತದಿಂದ ಅಳಿಸದೆ ದಾಖಲಿಸಬೇಕು. ಒಬ್ಬರಿಗೆ ಸಹಜವೆನಿಸಿದ ಏಕವಚನ ಮತ್ತೊಬ್ಬರಿಗೆ ಅವಮಾನವಾಗಿ ಕಾಣುವುದೇ ಒಂದು ಮುಖ್ಯ ಮಾಹಿತಿ.

ಈ ಸಾಧನದ ಮಿತಿಯನ್ನೂ ಮರೆಯಬಾರದು. ಗಣಕ ತೋರಿಸಬಲ್ಲದ್ದು ತಂತ್ರವನ್ನು. ಸತ್ಯಾಸತ್ಯದ ಪರಿಶೀಲನೆ ಬೇರೆಯೇ ಕೆಲಸ. ಆವೇಶದ ಬರಹದಲ್ಲಿ ನಿಜವಿರಬಹುದು, ತಣ್ಣನೆಯ ವಾಕ್ಯದಲ್ಲಿ ಸುಳ್ಳಿರಬಹುದು. ಈ ವ್ಯತ್ಯಾಸವನ್ನು ಅರಿಯದ ಅಧಿಕಾರದ ಕೈಗೆ ಸಿಕ್ಕರೆ ಓದುಗರ ಸಾಧನವು ಸೆನ್ಸಾರಿನ ಕತ್ತರಿಯಾಗುತ್ತದೆ. ಗುರುತು ಹಾಕುವ ನಿಯಮಗಳೂ ಉದಾಹರಣೆಗಳೂ ಎಲ್ಲರಿಗೂ ಲಭ್ಯವಿದ್ದು ಪ್ರಶ್ನೆಗೆ ತೆರೆದಿರಬೇಕೆಂಬುದು ಈ ಕಾರಣಕ್ಕಾಗಿಯೇ. ವ್ಯಾಕರಣದ ತರಗತಿಯಲ್ಲಿ ಆ ದಿನದ ಪತ್ರಿಕೆಯ ಹತ್ತು ತಲೆಬರಹಗಳನ್ನು ಮುಂದಿಟ್ಟುಕೊಂಡರೂ ಈ ಕೆಲಸವನ್ನು ಆರಂಭಿಸಬಹುದು.